ಆಸಿಮನ ರೋಜಾ

ನನ್ನ ತಮ್ಮ ಆಸಿಮನಿಗೆ ಮನಸ್ಸಿನ ಕಾಯಿಲೆ. ಹತ್ತೊಂಬತ್ತರ ಹುಡುಗ. ಕೆಲವು ದಿನ ನಿದ್ದೆಯೇ ಇಲ್ಲದೆ ಹಾರಾಡುತ್ತಿದ್ದ, ಆಮೇಲೆ ವಾರಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಮಾತ್ರೆ ಶುರುವಾದ ಮೇಲೆ ನಮ್ಮ ಹಳೆಯ ಆಸಿಮ್ ವಾಪಸ್ ಸಿಕ್ಕಿದ್ದ. ನೀರು ಮಾತ್ರ ಚೆನ್ನಾಗಿ ಕುಡಿಯಬೇಕು, ಇಲ್ಲದಿದ್ದರೆ ಇದೇ ಮಾತ್ರೆ ವಿಷವಾಗುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು.

ಶಿವಾಜಿನಗರದಲ್ಲಿ ಒಂದು ನರಪಿಳ್ಳೆಗೂ ಈ ವಿಷಯ ಗೊತ್ತಾಗಬಾರದು ಎಂಬುದು ಅಬ್ಬಾನ ಅಪ್ಪಣೆ. ಅಷ್ಟರಲ್ಲಿ ರಂಜಾನ್ ಬಂತು. ಕಾಯಿಲೆಯವರು ರೋಜಾ ಉಪವಾಸ ಇಡಬೇಕಾಗಿಲ್ಲ, ಅದು ನಮ್ಮ ಬೀದಿಯ ಮಕ್ಕಳಿಗೂ ಗೊತ್ತು. ಆದರೆ ಗಟ್ಟಿಮುಟ್ಟಾದ ಹುಡುಗ ಹಗಲು ಹೊತ್ತು ನೀರು ಕುಡಿದರೆ ಏನು ಕಾಯಿಲೆ ಅಂತ ಕೇಳುತ್ತಾರಲ್ಲ! ಅದಕ್ಕೇ ಅಬ್ಬಾ ಅವನಿಗೂ ಉಪವಾಸ ಹಿಡಿಸಿದರು. ದಿನದ ಮಾತ್ರೆಗಳನ್ನೆಲ್ಲ ಬೆಳಕು ಹರಿಯುವ ಮುಂಚೆಯೇ, ಸಹರಿ ಊಟದ ಜೊತೆ, ಒಟ್ಟಿಗೆ ನುಂಗಿಸಿದರು. ನಾನು ಬಾಯಿ ಬಡಿದುಕೊಂಡೆ. ಈ ನೌರೀನಳ ಮಾತು ಆ ಮನೆಯಲ್ಲಿ ಯಾರಿಗೆ ಬೇಕು?

ಎರಡನೇ ವಾರ, ಒಂದು ಮಧ್ಯಾಹ್ನ, ಆಸಿಮ್ ನಮ್ಮ ಬಟ್ಟೆ ಅಂಗಡಿಯಲ್ಲಿ ಕುಸಿದುಬಿದ್ದ. ಗಲಾಟೆ ಕೇಳಿ ಮೇಲಿನ ಮನೆಯಿಂದ ಓಡಿಬಂದೆ. ವಾಂತಿ ಮಾಡಿಕೊಂಡಿದ್ದ, ಕೈಗಳು ಗಡಗಡ ನಡುಗುತ್ತಿದ್ದವು, ಮಾತು ತೊದಲುತ್ತಿತ್ತು. ಪಕ್ಕದಂಗಡಿಯ ಅಸ್ಗರ್ ಚಾಚಾ ಅವನ ತಲೆ ಹಿಡಿದು ಕೂತಿದ್ದರು. ಅಬ್ಬಾ ಮಾತ್ರ, ಉಪವಾಸದ ಸುಸ್ತು, ಇಫ್ತಾರ್ ಹೊತ್ತಿಗೆ ಸರಿಹೋಗುತ್ತದೆ ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಯಾರನ್ನೂ ಕೇಳದೆ ಆಟೋ ನಿಲ್ಲಿಸಿದೆ. ಚಾಚಾ ಅವನನ್ನು ಎತ್ತಿ ಕೂರಿಸಿ, ತಾವೂ ಹತ್ತಿದರು. ಅಬ್ಬಾ ಇನ್ನೊಂದು ಆಟೋದಲ್ಲಿ ಹಿಂದೆಯೇ ಬಂದರು.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಹುಡುಗ ಏನಾದರೂ ಔಷಧಿ ತೆಗೆದುಕೊಳ್ಳುತ್ತಾನಾ ಎಂದು ಕೇಳಿದರು. ಅಬ್ಬಾ ಒಮ್ಮೆ ಚಾಚಾನ ಮುಖ ನೋಡಿ, ಏನೂ ಇಲ್ಲ ಎಂದುಬಿಟ್ಟರು. ಮಗ ಕಣ್ಣೆದುರಿಗೇ ಸಾಯುತ್ತಿದ್ದಾನೆ, ಈ ಮನುಷ್ಯನಿಗೆ ಮರ್ಯಾದೆಯ ಚಿಂತೆ! ಮಾತ್ರೆಯ ಹೆಸರು, ಕಾಯಿಲೆಯ ಹೆಸರು, ಎರಡನ್ನೂ ಇಡೀ ವಾರ್ಡಿಗೆ ಕೇಳುವ ಹಾಗೆ ನಾನೇ ಹೇಳಿದೆ. ಡಾಕ್ಟರು ತಕ್ಷಣ ಡ್ರಿಪ್ ಹಾಕಿಸಿ, ರಕ್ತ ತೆಗೆಸಿ, ಇನ್ನೂ ತಡವಾಗಿದ್ದರೆ ಹುಡುಗ ಉಳಿಯುತ್ತಿರಲಿಲ್ಲ ಎಂದು ಅಬ್ಬಾನನ್ನು ಚೆನ್ನಾಗಿ ಗದರಿದರು. ಅಬ್ಬಾ ಮಂಚದ ತುದಿಯಲ್ಲಿ ಕೂತು ಮಗನ ಕಾಲು ಒತ್ತತೊಡಗಿದರು.

ತುಂಬಾ ಹೊತ್ತಿನ ಮೇಲೆ ಆಸಿಮ್ ಕಣ್ಣು ಬಿಟ್ಟ. ಕೈಗೆ ಚುಚ್ಚಿದ ಸೂಜಿ ನೋಡಿ ಅಳತೊಡಗಿದ.

"ಅಬ್ಬಾ, ನನ್ನ ರೋಜಾ ಮುರಿದುಹೋಯ್ತಾ? ಜನ ಏನಂತಾರೆ?"

ಅಸ್ಗರ್ ಚಾಚಾ ಮಂಚದ ಪಕ್ಕದಲ್ಲೇ ಇದ್ದರು. ಅಬ್ಬಾ ದನಿ ತಗ್ಗಿಸಲಿಲ್ಲ.

"ನೀನು ರೋಜಾ ಇಡಬೇಕಾಗೇ ಇರ್ಲಿಲ್ಲ ಬೇಟಾ. ನಿಂಗೆ ಮನಸ್ಸಿನ ಕಾಯಿಲೆ ಇದೆ. ಅದನ್ನ ಹೇಳೋಕೆ ನಾಚ್ಕೊಂಡು ನಿನ್ನನ್ನೇ ಕೊಲ್ತಿದ್ದೆ ನಾನು."