ಭದ್ರಮ್ಮನ ಎಡೆ

ಸುಳ್ಳು ಬರೆದ ಕೈ ನನ್ನದೇ. ಹುಣಸೂರಿನ ನಮ್ಮ ನರ್ಸಿಂಗ್ ಹೋಮಿನಲ್ಲಿ ಆಯಾಗಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಬೇಕಾದದ್ದು ಯಜಮಾನರಾದ ಡಾಕ್ಟರ್ ನಂಜುಂಡೇಶರ ಹೊಣೆ. ಅವರು ತಮಗೆ, ಹೆಂಡತಿಗೆ, ಬಾಮೈದನಿಗೆ ತರಿಸಿಕೊಂಡರು. ಆಯಾಗಳನ್ನು ಕೇಳಲೇ ಇಲ್ಲ. “ಬೇಡ ಅಂದ್ರು ಅಂತ ಬರೆದು ಹೆಬ್ಬೆಟ್ಟು ಒತ್ತಿಸಿಬಿಡಿ ಸಿಸ್ಟರ್” ಎಂದರು. ಇಪ್ಪತ್ತು ವರ್ಷ ಸರ್ವೀಸಿನ ಈ ಸರ್ವಮಂಗಳ ತೆಪ್ಪಗೆ ಒತ್ತಿಸಿದಳು. ಥೂ, ನನ್ನ ಜನ್ಮಕ್ಕಿಷ್ಟು!

ಆ ವರ್ಷವೇ ಆಯಾ ಭದ್ರಮ್ಮ ಅದೇ ಹೆಪಟೈಟಿಸ್ಸಿನ ಕಾಮಾಲೆಗೆ ಸತ್ತಳು. ಅವಳ ಕೆಲಸಕ್ಕೆ ಮಗಳು ರಾಣಿ ಬಂದಳು. 2001ರ ಮಹಾಲಯದ ಹಿಂದಿನ ದಿನ ಕಸ ಬಾಚುವಾಗ, ರೋಗಿಗೆ ಬಳಸಿದ ಸೂಜಿ ಅವಳ ಬೆರಳಿಗೆ ಚುಚ್ಚಿತು. ಓಡಿಹೋಗಿ ಲಸಿಕೆ ಕೇಳಿದೆ. “ಡೆಟಾಲ್ ಹಚ್ಚಿ, ಸಾಕು” ಎಂದರು ಡಾಕ್ಟರು. ಲಸಿಕೆಯಿದ್ದ ಫ್ರಿಜ್ಜಿನ ಬೀಗದ ಕೈ ಅವರ ಜೇಬಿನಲ್ಲೇ ಇತ್ತು. ತಾಯಿಯ ಗತಿಯೇ ಮಗಳಿಗೂ ಎಂದುಕೊಂಡೆ.

ಸಂಜೆ ಭದ್ರಮ್ಮನ ಗಂಡ ಮಂಟಯ್ಯ ಬಂದ. “ನಾಳೆ ಎಡೆ ಇಕ್ತೀವಿ ಕಣವ್ವಾ. ಸತ್ತೋರು ಆಸೆಪಟ್ಟಿದ್ದೆಲ್ಲ ಇಡಬೇಕು. ನಂಗ್ಯಾಕೆ ಆ ಸೂಜಿ ಆಕ್ಲಿಲ್ಲ ಅಂತ ಕೇಳ್ತಾ ಕೇಳ್ತಾನೇ ಪ್ರಾಣ ಬುಟ್ಲು. ಆ ಔಸ್ದೀದು ಒಂದು ಸೀಸೆ ಕೊಡಿ.”

ನನ್ನ ಬಳಿ ಇದ್ದದ್ದು ಡಾಕ್ಟರ ಹೆಂಡತಿಗೆ ಹಾಕಿದ ಲಸಿಕೆಯ ಖಾಲಿ ಸೀಸೆ. ಅದನ್ನೇ ಹಿಡಿದು ಮರುದಿನ ಅವರ ಊರು ಕಟ್ಟೆಮಳಲವಾಡಿಗೆ ಹೋದೆ.

ಬಾಳೆಯೆಲೆಯ ಮೇಲೆ ಕಜ್ಜಾಯ, ಮುದ್ದೆ, ಕೋಳಿಸಾರು. ಪಕ್ಕದಲ್ಲಿ ಆ ಸೀಸೆ. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಅಂಗಳಕ್ಕೆ ಬಂದೆವು. ರಾಣಿಯ ಬಲಗೈ ನನ್ನ ಕೈಯಲ್ಲಿತ್ತು. ಒಳಗೆ ಬಳೆ ಸದ್ದಾಯಿತು. ಹಾಳು ಇಲಿ ಎಂದುಕೊಂಡೆ. ಆಮೇಲೆ ಸ್ಪಿರಿಟ್ಟಿನ ವಾಸನೆ ಬಂತು. ಆ ಮನೆಗೆ ಸ್ಪಿರಿಟ್ ಎಲ್ಲಿಂದ ಬರಬೇಕು?

“ಅವ್ವಾ!” ರಾಣಿ ಬೆಚ್ಚಿದಳು. ಎಡಗಡೆಯ ರವಿಕೆ ತೋಳು ಸರಿಸಿದರೆ ಒಂದೇ ಒಂದು ಹನಿ ರಕ್ತ. ನಾವು ನರ್ಸುಗಳು ಚುಚ್ಚುವ ಜಾಗದಲ್ಲೇ.

“ಏನಾಯ್ತು ಮಗಾ?” ಮಂಟಯ್ಯ ಕೇಳಿದ.

“ನೋಯ್ಲಿಲ್ಲ ಕಣಪ್ಪ. ಈ ತೋಳು ಇಡ್ಕೊಂಡಿದ್ ಕೈ ಮಾತ್ರ ತಣ್ಣಗಿತ್ತು.”

ಅವಳ ಎಡಗಡೆ ಯಾರೂ ನಿಂತಿರಲಿಲ್ಲ.

ಮಾರನೇ ಬೆಳಿಗ್ಗೆ ಬಾಮೈದನ ಡೋಸಿಗೆಂದು ಡಾಕ್ಟರು ಫ್ರಿಜ್ಜು ತೆಗೆದರು. ಒಂದು ಸೀಸೆಯಲ್ಲಿ ಹನಿ ಔಷಧಿಯಿಲ್ಲ. ಸೀಲು ಒಡೆದಿರಲಿಲ್ಲ, ರಬ್ಬರಿಗೆ ತೂತೂ ಇರಲಿಲ್ಲ.

“ಯಾರ್ರೀ ಕದ್ದಿದ್ದು?” ಎಂದು ಕಿರುಚಿದರು.

“ಕದ್ದಿಲ್ಲ ಡಾಕ್ಟ್ರೇ. ನೀವು ಮಾಡಬೇಕಾದ ಕೆಲಸ ಭದ್ರಮ್ಮ ಮಾಡಿದ್ದಾಳೆ.” ನಡೆದದ್ದನ್ನೆಲ್ಲ ಹೇಳಿದೆ. “ಒಂದು ತಿಂಗಳಿಗೆ ಎರಡನೇದು, ಆರು ತಿಂಗಳಿಗೆ ಮೂರನೇದು. ನೀವು ಹಾಕಿಸ್ತೀರೋ, ಇಲ್ಲ ಅವಳೇ ಬರಬೇಕೋ?”

ನಗುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಬಿಳಿಚಿಕೊಂಡಿತು.

ನಾಲ್ಕೇ ದಿನಕ್ಕೆ ಮೈಸೂರಿನಿಂದ ಲಸಿಕೆಯ ಐಸ್ ಡಬ್ಬಿ ಬಂತು. ಹನ್ನೊಂದು ಜನ ಆಯಾಗಳು ಸಾಲಾಗಿ ನಿಂತರು. ಡಾಕ್ಟರೇ ಖುದ್ದಾಗಿ ಚುಚ್ಚಿದರು. ರಾಣಿ ಮುಂದೆ ಬಂದು ತೋಳು ಚಾಚಿದಾಗ ಸೂಜಿ ಹಿಡಿದ ಕೈ ನಿಂತುಬಿಟ್ಟಿತು.

“ಇವಳದ್ದು ಆಗಿದೆ” ಎಂದರು, ಅವಳ ಮುಖ ನೋಡದೆ. “ಮುಂದಿನವರು ಬನ್ನಿ.”