ಮೊದಲ ಗಾಡಿ ಅಗ್ಗ

ಚನ್ನಗಿರಿಯ ಅಡಿಕೆ ವ್ಯಾಪಾರಿ ನಾಗೇಂದ್ರಪ್ಪ ಯುರೋಪಿಗೆ ಹೊರಟಿದ್ದು ಯುರೋಪು ನೋಡುವ ಆಸೆಯಿಂದಲ್ಲ, ಮರುಳಪ್ಪನ ಮೇಲಿನ ಹೊಟ್ಟೆಕಿಚ್ಚಿನಿಂದ. ಎದುರಂಗಡಿಯ ಮರುಳಪ್ಪ ಹಿಂದಿನ ವರ್ಷ, ಅಂದರೆ ಎಂಬತ್ಮೂರರಲ್ಲಿ, ಬೊಂಬಾಯಿಯ ಟೂರಿನವರ ಜತೆ ಹೋಗಿಬಂದವನು ಆಮೇಲೆ ಬೇರೆ ಮಾತೇ ಆಡಿರಲಿಲ್ಲ. "ಅವ್ನು ಕೊಟ್ಟಿದ್ರಾಗೆ ಅರ್ಧಕ್ಕೆ ನಾನು ಹೋಗ್ಬರ್ತೀನಿ, ಹೆಂಡ್ತೀನೂ ಕರ್ಕೊಂಡು" ಎಂದು ನಾಗೇಂದ್ರಪ್ಪ ಅಡಿಕೆ ಮಂಡಿಯಲ್ಲಿ ಎಲ್ಲರ ಮುಂದೆ ಅಂದುಬಿಟ್ಟ. ಅಂದಮೇಲೆ ಹೋಗದೆ ವಿಧಿಯಿಲ್ಲ.

ಅವನ ಹೆಂಡತಿ ಶಂಕರಮ್ಮನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಪೆಟ್ಟಿಗೆ ತುಂಬಿದಳು. ಗಂಡನನ್ನು ದಾವಣಗೆರೆಯಾಚೆ ಹೊರಡಿಸುವಂಥದ್ದು ಹೊಟ್ಟೆಕಿಚ್ಚಾದರೂ ಅವಳ ಮಟ್ಟಿಗೆ ಒಳ್ಳೆಯದೇ. ಅವಳಿಗೆ ಅಲ್ಲಿ ಬೇಕಾದದ್ದು ಒಂದೇ, ಹಿಮ. ಕ್ಯಾಲೆಂಡರಿನ ಶಿವ ಕೂತಿರುವುದು ಅದರ ಮೇಲೆ. ಅದನ್ನು ಮುಟ್ಟಿ ನೋಡಿದವರು ಹೊನ್ನಾಳಿಯ ತವರಿನಲ್ಲೂ ಇಲ್ಲ, ಚನ್ನಗಿರಿಯ ಅತ್ತೆಮನೆಯಲ್ಲೂ ಇಲ್ಲ. ಒಮ್ಮೆ ಅದನ್ನು ಕೈಯಲ್ಲಿ ಹಿಡಿಯಬೇಕು. ಐವತ್ತು ದಾಟಿದ ಹೆಂಗಸು ಹೀಗೆಂದರೆ ಜನ ನಗುತ್ತಾರೆಂದು ಗಂಡನ ಬಳಿ ಮಾತ್ರ ಹೇಳಿಕೊಂಡಿದ್ದಳು.

ಆದರೆ ನ್ಯಾಮತಿಯಿಂದ ಕಳಿಸಿಕೊಡಲು ಬಂದಿದ್ದ ನಾದಿನಿ ಕೊಟ್ರಮ್ಮ ಸುಮ್ಮನಿರಬೇಕಲ್ಲ.

"ಅಲ್ಲ ಅತ್ತಿಗೆಮ್ಮ, ಸ್ನಾನ ಮಾಡಿ ಲಿಂಗಪೂಜೆ ಆಗ್ದೆ ನೀವು ನೀರು ಬಿಟ್ರೆ ಬೇರೇನೂ ಬಾಯಿಗಿಡಲ್ಲ. ಅಲ್ಲಿ ನಿಮಗೆ ಬಿಸ್ನೀರು ಕಾಯಿಸಾಕೆ ಯಾರವ್ರೆ? ಎರಡೇ ದಿನಕ್ಕೆ ನೇಮ ಬಿಟ್ಟು ಬ್ರೆಡ್ ತಿಂತೀರಿ, ನೋಡ್ತಿರ್ರಿ."

"ನೇಮಾನೂ ಬಿಡಲ್ಲ, ಹಿಮಾನೂ ಬಿಡಲ್ಲ" ಎಂದಳು ಶಂಕರಮ್ಮ. ಮದುವೆಯಾದಾಗಿನಿಂದ, ಬಾಣಂತನ ಜ್ವರಗಳನ್ನೂ ಸೇರಿಸಿ, ಅವಳು ಪೂಜೆ ತಪ್ಪಿಸಿ ಉಂಡವಳಲ್ಲ. ಆ ಧೈರ್ಯದ ಮೇಲೆಯೇ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನು ಬಿಳಿ ಬಟ್ಟೆಯಲ್ಲಿ ಗಂಟು ಗಂಟಾಗಿ ಕಟ್ಟಿ ಒಂದು ಕೈಚೀಲಕ್ಕೆ ತುಂಬಿದಳು. ಚೀಲ ಹೊರುವ ಕೆಲಸ ಗಂಡನದು.

ಆಗ ವಿದೇಶಕ್ಕೆ ಹೋಗುವವರಿಗೆ ಸರ್ಕಾರ ಅಳೆದು ಡಾಲರು ಕೊಡುತ್ತಿತ್ತು. ಅಡಿಕೆಗೆ ಎಷ್ಟೇ ಒಳ್ಳೆ ರೇಟಿದ್ದರೂ ಅಷ್ಟೇ, ಅದರ ಮೇಲೆ ಒಂದು ಬಿಡಿಗಾಸಿಲ್ಲ. ನಾಗೇಂದ್ರಪ್ಪ ಅದಕ್ಕೆ ದಾರಿ ಹುಡುಕಿದ್ದ. ಮೊದಲೇ ಕೊಂಡುಕೊಂಡು ಹೋಗುವ ಒಂದು ರೈಲಿನ ಪಾಸು. ಅದಿದ್ದರೆ ಯುರೋಪಿನ ಹತ್ತಾರು ದೇಶಗಳಲ್ಲಿ ಯಾವ ಗಾಡಿಯನ್ನಾದರೂ ಎಷ್ಟು ಸಲವಾದರೂ ಹತ್ತಬಹುದು. ಅದನ್ನು ಕೈಯಲ್ಲಿ ಹಿಡಿದು ಅವನು ತನ್ನ ಮಂಡಿ ವ್ಯಾಪಾರದ ತಲೆಯನ್ನು ಓಡಿಸಿದ.

"ಗಾಡಿ ಹತ್ತಾಕೆ ದುಡ್ಡಿಲ್ಲ ಅಂದ್ಮೇಲೆ ಗಾಡೀನೇ ಲಾಡ್ಜು ಕಣೇ. ರಾತ್ರಿ ದೂರದ ಗಾಡಿ ಹತ್ತಿ ಮಲಗೋದು, ಬೆಳಿಗ್ಗೆ ಎದ್ದಲ್ಲಿ ಊರು ನೋಡೋದು."

ಹಾಗೇ ಮಾಡಿದರು. ಮೊದಲ ರಾತ್ರಿಗಳೆಲ್ಲ ಗಟ್ಟಿ ಸೀಟಿನ ಮೇಲೆ ಕೂತೇ ಕಳೆದವು. ಆಮೇಲೊಂದು ದಿನ ಟಿಕೆಟ್ ನೋಡುವವನು ಪಾಸನ್ನು ಹಿಂದೆ ಮುಂದೆ ತಿರುಗಿಸಿ, ಇಬ್ಬರನ್ನೂ ಎಬ್ಬಿಸಿಕೊಂಡು ಮುಂದಿನ ಡಬ್ಬಿಗೆ ನಡೆಸಿದ. ದಂಡ ಬಿತ್ತೆಂದು ನಾಗೇಂದ್ರಪ್ಪ ಒಳಜೇಬನ್ನು ಅದುಮಿ ಹಿಡಿದುಕೊಂಡೇ ಹೋದ. ಅಲ್ಲಿ ನೋಡಿದರೆ ಕಾಲು ಚಾಚಿ ಮಲಗುವಂಥ ಮೆತ್ತನೆ ಸೀಟು, ಬಾಗಿಲು, ಪರದೆ! ಪಾಸು ಮೊದಲಿಂದಲೂ ಫಸ್ಟ್ ಕ್ಲಾಸಿನದೇ ಆಗಿತ್ತು. ಫಸ್ಟ್ ಕ್ಲಾಸೆಂಬುದು ತನ್ನಂಥವನಿಗೂ ಇರಬಹುದೆಂದು ಪಾಸು ತಿರುವಿ ನೋಡುವ ಬುದ್ಧಿ ಈ ಪುಣ್ಯಾತ್ಮನಿಗೆ ಹೊಳೆದೇ ಇರಲಿಲ್ಲ.

ಸ್ನಾನದ ದಾರಿಯನ್ನು ಮಾತ್ರ ಶಂಕರಮ್ಮನೇ ಕಂಡುಕೊಂಡಳು. ಮೊದಲ ದಿನವೇ ದೊಡ್ಡ ಸ್ಟೇಷನ್ನಿನಲ್ಲಿ, ಕೊಳಾಯಿಯಿಂದ ನೀರು ಸುರಿಯುವ ಚಿತ್ರವಿದ್ದ ಬೋರ್ಡು ಅವಳ ಕಣ್ಣಿಗೆ ಬಿತ್ತು. ಚಿಲ್ಲರೆ ಕೊಟ್ಟರೆ ಟವಲು, ಸೋಪು, ಸುಡುಸುಡುವ ನೀರು. "ನೀರಿಗೂ ದುಡ್ಡೇ!" ಎಂದು ನಾಗೇಂದ್ರಪ್ಪ ಗೊಣಗಿದ. ತನ್ನ ಸ್ನಾನವನ್ನು ಊರಿಗೆ ಹೋಗಿ ಒಟ್ಟಿಗೆ ಮಾಡುವುದೆಂದು ಬಿಟ್ಟ. ಶಂಕರಮ್ಮ ಮಿಂದು, ವಿಭೂತಿ ಧರಿಸಿ, ಖಾಲಿ ಬೆಂಚಿನ ಮೇಲೆ ಕೂತು ಎಡಗೈಯಲ್ಲಿ ಲಿಂಗವನ್ನಿಟ್ಟು ಪೂಜೆ ಮಾಡಿಯೇ ಬಾಯಿಗೆ ರೊಟ್ಟಿ ಇಟ್ಟಳು. ಊರೂರಿಗೂ ಹೀಗೇ ನಡೆಯಿತು. ಕೊಟ್ರಮ್ಮ ನೋಡಬೇಕಿತ್ತು ಅನ್ನಿಸಿತು ಅವಳಿಗೆ.

ಕೊನೆಗೆ ಸ್ವಿಟ್ಜರ್ಲೆಂಡಿನ ಹಿಮದ ಬೆಟ್ಟದ ಬುಡಕ್ಕೆ, ಬೆಳಗಿನ ಹೊತ್ತಿಗೆ ಬಂದಿಳಿದರು. ಅದು ಚಿಕ್ಕ ಸ್ಟೇಷನ್ನು, ಸ್ನಾನದ ಮನೆಯಿಲ್ಲ. ಕಕ್ಕಸಿನ ಪಕ್ಕದ ನಲ್ಲಿಯ ನೀರು ಲಿಂಗಕ್ಕೆ ಸಲ್ಲದು. ಊರೊಳಗೆ ಹೊಳೆಯೇನೋ ಹರಿಯುತ್ತಿತ್ತು. ಹೊನ್ನಾಳಿಯ ಹೊಳೆಯಲ್ಲಿ ಮಿಂದು ಬೆಳೆದ ಶಂಕರಮ್ಮ ಆಸೆಯಿಂದ ಹೋಗಿ ನೋಡಿದರೆ, ದಂಡೆಯ ಉದ್ದಕ್ಕೂ ಹೋಟೆಲಿನ ಕುರ್ಚಿ, ಕಾಫಿ ಕುಡಿಯುವ ಜನ.

ಇನ್ನೊಂದು ಪೆಟ್ಟು ಟಿಕೆಟ್ ಕಿಟಕಿಯಲ್ಲಿ ಬಿತ್ತು. ಬೆಟ್ಟ ಹತ್ತುವ ಪುಟ್ಟ ಗಾಡಿ ಬೇರೆ ಕಂಪನಿಯದು, ಪಾಸು ನಡೆಯುವುದಿಲ್ಲ. ನಾಗೇಂದ್ರಪ್ಪ ದರ ಇಳಿಸಲೆಂದು, ಮಂಡಿಯಲ್ಲಿ ಟವಲಿನಡಿ ಬೆರಳು ಹಿಡಿದು ರೇಟು ಕುದುರಿಸುವಂತೆ, ಕೈಮೇಲೆ ಟವಲು ಹೊದಿಸಿ ಕೈ ಚಾಚಿದ. ಕಿಟಕಿಯೊಳಗಿನ ಹೆಣ್ಣುಮಗಳು ನಗುನಗುತ್ತ ಅದನ್ನು ಕುಲುಕಿದಳು, ದರ ಮಾತ್ರ ಇಳಿಯಲಿಲ್ಲ. ಆದರೆ ಬೆಳಗಿನ ಮೊದಲ ಗಾಡಿಗೆ ದರ ಕಡಿಮೆಯೆಂದೂ ಅದು ಆಗಲೇ ಹೋಯಿತೆಂದೂ ತಿಳಿಸಿದಳು.

ನಾಗೇಂದ್ರಪ್ಪ ಉಳಿದ ದುಡ್ಡನ್ನು ತೋರಿಸಿದ. "ಈಗಿನ ಗಾಡಿಗಾದ್ರೆ ಒಬ್ರಿಗೆ ಸಾಕು. ನೀನು ಹೋಗ್ಬಾ, ನಾನು ಇಲ್ಲೇ ಕುಂತಿರ್ತೀನಿ."

"ನಾನೊಬ್ಳೇ ಹೋಗಿ ಯಾರ ಹತ್ರ ಮಾತಾಡ್ಲಿ? ನಾಳೆ ಮೊದಲ ಗಾಡಿಗೆ ಇಬ್ರೂ ಹೋಗಣ."

"ಮತ್ತೆ ನಿನ್ನ ಸ್ನಾನ? ದುಡ್ಡು ಇಬ್ರ ಟಿಕೆಟ್ಟಿಗೆ ಸರಿಯಾಗುತ್ತೆ, ದೊಡ್ಡ ಸ್ಟೇಷನ್ನಿಗೆ ಹೋಗಿ ಮೀಯಾಕೂ ಚಿಲ್ಲರೆ ಮಿಗಲ್ಲ. ಇಲ್ಲೇ ಬಿಸ್ನೀರು ಬೇಕಂದ್ರೆ ರೂಮು ಮಾಡ್ಬೇಕು. ರೂಮು ಮಾಡಿದ್ರೆ ಬೆಟ್ಟ ಇಲ್ಲ."

"ರೂಮು ಬ್ಯಾಡ. ಒಂದಿನ ಉಪಾಸ ಇದ್ರೆ ನಾನೇನು ಕರಗಿ ಹೋಗಲ್ಲ. ನೀವು ಉಣ್ರಿ."

ಹೇಳುವಾಗ ಸುಲಭವಿತ್ತು. ಮಧ್ಯಾಹ್ನ ಗಂಡ ಕೈಚೀಲ ಎತ್ತಿಕೊಂಡು, "ತಿಂದು ಬರ್ತೀನಿ" ಎಂದು ಸ್ಟೇಷನ್ನಿನ ಹಿಂದೆ ಹೋದಾಗ ಶಂಕರಮ್ಮನಿಗೆ ಮೈಯೆಲ್ಲ ಉರಿಯಿತು. ಉಣ್ಣಿ ಎಂದವಳು ತಾನೇ, ನಿಜ. ಹಾಗೆಂದ ಮಾತ್ರಕ್ಕೆ ಎದ್ದುಬಿಡುವುದೇ? ಸಂಜೆ ಮತ್ತೆ ಅದೇ ಚೀಲ, ಅದೇ "ತಿಂದು ಬರ್ತೀನಿ". ಕಾಸು ಕಾಸಿಗೂ ಲೆಕ್ಕ ಹಾಕುವ ಗಂಡಸಿಗೆ ಹೆಂಡತಿಯ ಹೊಟ್ಟೆಯ ಲೆಕ್ಕ ತಿಳಿಯದು ಎಂದುಕೊಂಡು ಅವಳು ನೀರು ಕುಡಿದಳು. ಆ ರಾತ್ರಿ ಬರಿಯ ಮಲಗುವುದಕ್ಕೆಂದು ಗಾಡಿ ಹತ್ತಿ ಎಲ್ಲೋ ದೂರ ಹೋಗಿ, ಅಲ್ಲಿಂದ ಇನ್ನೊಂದು ಗಾಡಿಯಲ್ಲಿ ನಸುಕಿಗೆ ಅದೇ ಊರಿಗೆ ಮರಳಿದರು. ದಾರಿಯುದ್ದಕ್ಕೂ ಅವಳು ಗಂಡನಿಗೆ ಬೆನ್ನು ಹಾಕಿಯೇ ಮಲಗಿದ್ದಳು.

ಮೊದಲ ಗಾಡಿಯಲ್ಲಿ ಅವರಿಬ್ಬರನ್ನು ಬಿಟ್ಟರೆ ಹಾಲಿನ ಕ್ಯಾನು ಸಾಗಿಸುವವರಷ್ಟೇ ಇದ್ದರು. ಗಾಡಿ ಏರುತ್ತ ಹೋದಂತೆ ಹುಲ್ಲು ಹೋಗಿ ಕಲ್ಲು ಬಂತು, ಕಲ್ಲು ಹೋಗಿ ಬೆಳ್ಳಗಾಯಿತು. ಮೇಲೆ ಇಳಿದಾಗ ಶಂಕರಮ್ಮ ಕಣ್ಣಿಗೆ ಕತ್ತಲೆ ಬಂದು ಕಂಬಿ ಹಿಡಿದು ನಿಂತಳು.

ನಾಗೇಂದ್ರಪ್ಪ ಗಾಬರಿಯಾದ. "ಒಂದು ತುಣುಕು ರೊಟ್ಟಿ ಬಾಯಿಗಾಕ್ಕಳೇ. ಶಿವ ಏನೂ ಅನ್ನಲ್ಲ."

"ಶಿವನ ಸುದ್ದಿ ನಂಗೆ ಬಿಡ್ರಿ" ಎಂದು ಅವಳು ಕಂಬಿ ದಾಟಿ, ಯಾರೂ ತುಳಿಯದ ಕಡೆ ಹೋಗಿ ಮಂಡಿಯೂರಿದಳು. ಎರಡೂ ಕೈ ತುಂಬ ಹಿಮ ಎತ್ತಿದಳು. ಎಷ್ಟು ಹಗುರ! ಸುಟ್ಟಂತೆ ಕೈ ಚುರುಗುಟ್ಟಿತು. ಹಿಮವಾದರೇನು, ಮೇಲಿಂದ ಬಿದ್ದ ನೀರೇ ತಾನೇ. ಇದಕ್ಕಿಂತ ಮಡಿಯಾದ ನೀರು ಎಲ್ಲಿ ಸಿಕ್ಕೀತು? ಪಾದ, ಮೊಳಕೈ, ಕತ್ತು, ಮುಖಕ್ಕೆಲ್ಲ ತಿಕ್ಕಿಕೊಂಡಳು. ಹಲ್ಲು ಕಟಕಟ ಅನ್ನುತ್ತಿದ್ದರೂ ಬಿಡಲಿಲ್ಲ. ವಿಭೂತಿ ಧರಿಸಿ, ಲಿಂಗವನ್ನು ಅಂಗೈಗೆ ತೆಗೆದು, ಬೆರಳಲ್ಲಿ ಕರಗಿದ ಹನಿಗಳನ್ನೇ ಅದರ ಮೇಲೆ ಬಿಟ್ಟಳು. ಇಷ್ಟು ಸಂತೋಷ ಅವಳಿಗೆ ಯಾವ ಪೂಜೆಯಲ್ಲೂ ಆಗಿರಲಿಲ್ಲ.

ಪೂಜೆ ಮುಗಿಸಿ, ಸಿಟ್ಟು ಅರ್ಧ ಇಳಿದು, "ಕೊಡ್ರಿ ಚೀಲ. ಏನಾದ್ರೂ ಉಳಿಸಿದ್ದೀರೋ ಹೆಂಗೆ?" ಎಂದಳು.

ನಾಗೇಂದ್ರಪ್ಪ ಚೀಲ ಕೊಡಲು ಹಿಂದೆ ಮುಂದೆ ನೋಡಿದ. ಅವಳೇ ಕಿತ್ತುಕೊಂಡಳು. ಮೊನ್ನೆ ಸಂಜೆ ಇಬ್ಬರೂ ಉಂಡಮೇಲೆ ಅವಳು ಬಿಗಿದಿದ್ದ ಗಂಟು ಬಿಗಿದಂತೆಯೇ ಇತ್ತು. ಬಿಚ್ಚಿದ್ದರೆ ಗಂಡನಿಗೆ ಮತ್ತೆ ಹಾಗೆ ಕಟ್ಟಲು ಬರದು. ಒಳಗೆ ಒಂದು ರೊಟ್ಟಿಯೂ ಮುರಿದಿರಲಿಲ್ಲ.

"ನಿನ್ನೆ ಎರಡು ಸಲ ತಿನ್ನಾಕೆ ಹೋದ್ರಲ್ಲ, ಏನು ತಿಂದ್ರಿ?"

"ಹೋದೆ. ಬೆಂಚಿನ ಮ್ಯಾಲೆ ಕುಂತು ಬಂದೆ" ಎಂದ ಅವನು, ಬೆಟ್ಟದ ಕಡೆ ಮುಖ ಮಾಡಿ. "ನೀನು ನೀರು ಕುಡ್ಕೊಂಡು ಕುಂತಿದ್ರೆ ನನಗೆ ಗಂಟ್ಲಾಗೆ ಹೆಂಗೆ ಇಳಿಬೇಕು?"

"ಅದನ್ನ ಹೇಳ್ಬಾರ್ದೇನ್ರೀ!"

"ಹೇಳಿದ್ರೆ ನೀನು ಬೆಟ್ಟ ಬ್ಯಾಡ, ರೂಮು ಮಾಡ್ರಿ ಅಂತಿದ್ದೆ."

ಅಂತಿದ್ದಳು. ಖಂಡಿತ ಅಂತಿದ್ದಳು. ನಿನ್ನೆಯಿಡೀ ಮನಸ್ಸಿನಲ್ಲೇ ಅವನಿಗೆ ಹಾಕಿದ್ದ ಶಾಪಗಳೆಲ್ಲ ನೆನಪಾಗಿ ಶಂಕರಮ್ಮನಿಗೆ ಅಳು ಬಂತು. ಹಿಮ ಮೆತ್ತಿದ ಕೈಯಲ್ಲೇ ರೊಟ್ಟಿ ಮುರಿದು, ಚಟ್ನಿಪುಡಿ ಹಚ್ಚಿ ದೊಡ್ಡ ಚೂರನ್ನು ಅವನ ಕೈಗಿಟ್ಟಳು. ಅವನು ಅಗಿದು ನುಂಗುವವರೆಗೂ ತನ್ನದನ್ನು ಬಾಯಿಗಿಡಲಿಲ್ಲ.