ಭಂಡಾರವನ್ನು ದೊಡ್ಡದು ಮಾಡಲಾಗುತ್ತಿದೆ

ನಮ್ಮ ಅಜ್ಜಿ ದೀಪ ಆರಿಸು ಎಂದು ಯಾವತ್ತೂ ಹೇಳಿದವಳಲ್ಲ. ದೊಡ್ಡದು ಮಾಡು ಎನ್ನುತ್ತಿದ್ದಳು. ಚಿಕ್ಕವಳಿದ್ದಾಗ ನಾನು ಆ ಮಾತನ್ನು ನಂಬಿ ಬತ್ತಿ ಎತ್ತರಿಸಿ, ಗಾಜೆಲ್ಲ ಮಸಿ ಮಾಡಿ ಬೈಸಿಕೊಂಡಿದ್ದೆ. ಆಗ ನನ್ನನ್ನು ಪಕ್ಕಕ್ಕೆಳೆದುಕೊಂಡು ಗುಟ್ಟು ಹೇಳಿಕೊಟ್ಟವಳು ಚಿಕ್ಕಮ್ಮ. ಆರೋದು ಅನ್ನೋ ಮಾತು ಮನೆಯೊಳಗೆ ಓಡಾಡಬಾರದಂತೆ, ಅದಕ್ಕೇ ಅದಕ್ಕೊಂದು ಒಳ್ಳೆ ಅಂಗಿ ತೊಡಿಸಿ ಕಳಿಸ್ತಾರೆ ಅಂದಿದ್ದಳು.

ಅಮ್ಮ ಹೋದ ಮೇಲೆ ಅಕ್ಕನನ್ನೂ ನನ್ನನ್ನೂ ಸಾಕಿದ ಆ ಚಿಕ್ಕಮ್ಮನಿಗೆ ಎದೆಯ ಸ್ನಾಯುಗಳು ಒಂದೊಂದಾಗಿ ಕೈಕೊಟ್ಟವು. ಕೊನೆಗೆ ಅವಳ ಉಸಿರೆಲ್ಲ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಒಂದು ಬಿಳಿ ಪೆಟ್ಟಿಗೆಯದೇ ಆಯಿತು. ಅದರಿಂದ ಹೊರಟ ಕೊಳವೆ ಅವಳ ಮೂಗುಬಾಯಿಯ ಮೇಲಿನ ಮುಸುಕಿಗೆ ಬಂದು ಸೇರುತ್ತಿತ್ತು. ಪೆಟ್ಟಿಗೆಯನ್ನು ಸರ್ಕಾರದ ಒಂದು ಪ್ರಯೋಗಾಲಯ ರೂಪಿಸಿತ್ತು. ಅದನ್ನು ನಡೆಸುವ ಕೋಡನ್ನು ಸರ್ಕಾರದ ಕೋಡ್ ಭಂಡಾರದಲ್ಲಿ ಇಟ್ಟಿದ್ದರು. ಜನರ ತೆರಿಗೆಯಲ್ಲಿ ಬರೆದದ್ದು, ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಬದಲಿಸಿಕೊಳ್ಳಬಹುದು. ಅದೇ ಕೋಡಿನ ಒಂದು ತುಂಡಿನಿಂದ ಯಾರೋ ಮೀನಿನ ತೊಟ್ಟಿಗೆ ಗಾಳಿ ಊದಿಸುತ್ತಿದ್ದಾರೆಂದು ಅಕ್ಕ ಹೇಳಿದಾಗ ಚಿಕ್ಕಮ್ಮ ಮುಸುಕಿನೊಳಗೇ ನಕ್ಕಿದ್ದಳು. ನನಗೂ ಮೀನಿಗೂ ಒಂದೇ ಬುದ್ಧಿ ಬಿಡು, ಅಂದಿದ್ದಳು.

ಅಕ್ಕನ ಕಸುಬೇ ಇಂಥ ಪೆಟ್ಟಿಗೆಗಳ ರಿಪೇರಿ. ಕೆಳಗಿನ ಕೋಣೆಯಲ್ಲಿ ಅವಳ ಮೇಜು, ದೀಪ, ಸುಟ್ಟ ಸೀಸದ ವಾಸನೆ. ಅವಳದೊಂದು ಪದ್ಧತಿಯಿತ್ತು. ಪ್ರತಿ ಸಲ ಭಂಡಾರದಿಂದ ಹೊಸದಾಗಿ ಕೋಡ್ ಇಳಿಸುವಳು, ಕೆಲಸವಾದ ಮೇಲೆ ಅಳಿಸಿಬಿಡುವಳು. ಅಲ್ಲಿ ಯಾರಾದರೂ ತಪ್ಪು ತಿದ್ದುತ್ತಲೇ ಇರುತ್ತಾರೆ, ಮನೆಯಲ್ಲಿ ಇಟ್ಟುಕೊಂಡದ್ದು ಹಳಸಿಹೋಗುತ್ತದೆ, ಹಳಸಿದ್ದನ್ನು ಒಬ್ಬರ ಉಸಿರಿಗೆ ಹಾಕಬಾರದು. ಅಡುಗೆಮನೆಯಲ್ಲಿ ಅಜ್ಜಿಗಿದ್ದ ಮಡಿಯೇ ಇವಳಿಗೆ ಮೇಜಿನ ಮೇಲೆ ಎಂದು ನಾನು ಅಣಕಿಸುತ್ತಿದ್ದೆ.

ಅವತ್ತು ಬೆಳಗ್ಗೆ ಕರೆಂಟು ಒಮ್ಮೆ ಜಿಗಿದು ಬಿತ್ತು. ಪೆಟ್ಟಿಗೆ ಸಣ್ಣಗೆ ಕಿರುಚಿ ಸುಮ್ಮನಾಯಿತು. ಅಕ್ಕ ಓಡಿಬಂದು ಮುಸುಕು ಕಿತ್ತು, ಕೈಯಲ್ಲಿ ಹಿಸುಕುವ ರಬ್ಬರ್ ಬುಡ್ಡೆಯನ್ನು ಚಿಕ್ಕಮ್ಮನ ಮುಖಕ್ಕಿಟ್ಟು ನನ್ನ ಕೈಗೆ ಕೊಟ್ಟಳು. ನಾನು ಹಿಸುಕತೊಡಗಿದೆ. ಪೆಟ್ಟಿಗೆಯೊಳಗಿನ ಸರ್ಕ್ಯೂಟ್ ಹಲಗೆ ಸುಟ್ಟುಹೋಗಿತ್ತು. ಹೊಸ ಹಲಗೆ ಅಕ್ಕನ ಬಳಿ ಇತ್ತು, ಆದರೆ ಹೊಸ ಹಲಗೆ ಎಂದರೆ ಆಗತಾನೇ ಹುಟ್ಟಿದ ಕೂಸು, ಅದಕ್ಕೆ ಏನೂ ಗೊತ್ತಿರುವುದಿಲ್ಲ. ಕೋಡ್ ತುಂಬಬೇಕು. ಅಕ್ಕ ಭಂಡಾರ ತೆರೆದಳು. ಪರದೆಯ ಮೇಲೆ ಒಂದೇ ಸಾಲು ಬಂತು:

ಸಾರ್ವಜನಿಕರ ಅನುಕೂಲಕ್ಕಾಗಿ ಭಂಡಾರವನ್ನು ದೊಡ್ಡದು ಮಾಡಲಾಗುತ್ತಿದೆ. ಸಹಕರಿಸಿ.

ಅಕ್ಕನ ಮುಖ ಸಡಿಲವಾಯಿತು. ಏನೋ ವಿಸ್ತರಣೆ ಇರಬೇಕು, ಮಧ್ಯಾಹ್ನದೊಳಗೆ ತೆರೆಯುತ್ತೆ, ಅಲ್ಲಿಯವರೆಗೆ ಕೈ ಬದಲಿಸಿಕೊಂಡು ಹಿಸುಕೋಣ ಎಂದಳು. ಚಿಕ್ಕಮ್ಮ ಕಣ್ಣು ತೆರೆದು ಏನು ಬರೆದಿದೆ ಓದು ಎಂದು ಸನ್ನೆ ಮಾಡಿದಳು. ಓದಿದೆ. ಎರಡು ಉಸಿರಿನ ನಡುವೆ ಅವಳು ಮಾತು ಜೋಡಿಸಿದಳು.

"ದೊಡ್ಡದು ಮಾಡಿದಾರಾ? ಹಾಗಾದ್ರೆ... ಆಯ್ತು ಬಿಡ್ರೇ."

ಅಕ್ಕ ಅವಳತ್ತ ನೋಡಿದಳು, ಮತ್ತೆ ಪರದೆಯತ್ತ ನೋಡಿದಳು. ಚಪ್ಪಲಿ ಮೆಟ್ಟಿ ಭಂಡಾರದ ಕಚೇರಿಗೆ ಹೊರಟೇಬಿಟ್ಟಳು. ಹೋಗುವ ಮುನ್ನ ದೊಡ್ಡಾಸ್ಪತ್ರೆಗೆ ಫೋನು ಮಾಡಿ ನೋಡಿದ್ದಳು. ಉಸಿರಿನ ಯಂತ್ರ ಇರುವ ಹಾಸಿಗೆಗಳೆಲ್ಲ ಭರ್ತಿ, ಖಾಲಿಯಾದರೆ ತಿಳಿಸುತ್ತೇವೆ ಎಂದಿದ್ದರು.

ಅವಳು ಬರುವವರೆಗೆ ನಾನು ಹಿಸುಕುತ್ತಾ ಕತೆ ಹೇಳಿದೆ. ಚಿಕ್ಕಮ್ಮನೇ ಕೇಳಿದ್ದು, ಅಜ್ಜಿಯ ಬಾವಿ ಕತೆ. ಊರಿಗೆಲ್ಲ ನೀರು ಕೊಡುತ್ತಿದ್ದ ಬಾವಿಯನ್ನು ನೋಡಿ ರಾಜನಿಗೆ ಖುಷಿಯಾಗಿ, ಇಂಥ ಬಾವಿಗೆ ಮರ್ಯಾದೆ ಮಾಡಬೇಕೆಂದು ಚಿನ್ನದ ಮುಚ್ಚಳ ಮಾಡಿಸಿ ಹಾಕುತ್ತಾನೆ. ಚಿನ್ನವೆಂದ ಮೇಲೆ ಕಾವಲು ಬರುತ್ತದೆ. ಕಾವಲು ಬಂದ ಮೇಲೆ ಬೇಲಿ. ಒಂದು ವಾಕ್ಯಕ್ಕೆ ಒಂದು ಹಿಸುಕು. ಕತೆಯ ಕೊನೆಯಲ್ಲಿ ಒಬ್ಬಳು ಮುದುಕಿ ಬಂದು ಮುಚ್ಚಳ ಎತ್ತುತ್ತಾಳೆ. ನಾನು ಮುದುಕಿಯನ್ನು ಆದಷ್ಟು ನಿಧಾನವಾಗಿ ನಡೆಸಿಕೊಂಡು ಬಂದೆ. ಅವಳಿನ್ನೂ ಬೇಲಿಯ ಹತ್ತಿರ ಇದ್ದಾಗಲೇ ಅಕ್ಕ ಮೆಟ್ಟಿಲು ಹತ್ತಿದ ಸದ್ದಾಯಿತು.

ಭಂಡಾರದ ಕಚೇರಿಯಲ್ಲಿ ಅಧಿಕಾರಿ ಅವಳನ್ನು ಕೂರಿಸಿ, ನೀರು ಕೊಟ್ಟು ಮಾತಾಡಿಸಿದ್ದನಂತೆ. ಭಂಡಾರವನ್ನು ಯಾರೂ ಮುಚ್ಚಿಲ್ಲ, ಅದು ಅಲ್ಲೇ ಇದೆ. ನೋಡಿಕೊಳ್ಳುವ ಕೆಲಸವನ್ನು ಒಂದು ಕಂಪನಿಗೆ ವಹಿಸಿದೆ, ಇನ್ನು ಮುಂದೆ ನೋಂದಾಯಿತ ಸಂಸ್ಥೆಗಳಿಗೆ ಮಾತ್ರ. ನಿಮ್ಮದು ಯಾವ ಸಂಸ್ಥೆ ಎಂದು ಕೇಳಿದನಂತೆ.

"ಏನಂದೆ?" ಎಂದೆ.

"ಚಿಕ್ಕಮ್ಮ ಅಂದೆ," ಎಂದಳು ಅಕ್ಕ. "ನೋಡೋಣ ಅಂದ."

ನಮ್ಮಲ್ಲಿ ನೋಡೋಣ ಎಂದರೆ ಏನೆಂದು ಮೂವರಿಗೂ ಗೊತ್ತಿತ್ತು.

ಹಿಸುಕಿ ಹಿಸುಕಿ ನನ್ನ ಬೆರಳುಗಳು ಮಡಚಲಾರದಷ್ಟು ಬಿಗಿದುಕೊಂಡಿದ್ದವು. ಅಕ್ಕ ಬುಡ್ಡೆ ತೆಗೆದುಕೊಂಡಳು. ಭುಜಕ್ಕೆ ಫೋನು ಒತ್ತಿಕೊಂಡೇ ಗೊತ್ತಿದ್ದ ರಿಪೇರಿಯವರನ್ನೆಲ್ಲ ಕೇಳಿದಳು. ಎಲ್ಲರೂ ಭಂಡಾರವನ್ನೇ ನಂಬಿದವರು. ಊರಾಚೆಯ ಒಬ್ಬನ ಬಳಿ ಮಾತ್ರ ಒಂದು ಹಳೆಯ ಪ್ರತಿ ಉಳಿದಿತ್ತು. ಎಂದೋ ಇಳಿಸಿ ಮರೆತದ್ದು. ಕಳಿಸಿದ. ಅಕ್ಕ ಬುಡ್ಡೆಯನ್ನು ಮತ್ತೆ ನನಗೆ ಕೊಟ್ಟು ಅದನ್ನು ತೆರೆದು ನೋಡಿದಳು.

ಹಳೆಯದರಲ್ಲಿ ಒಂದು ತಪ್ಪಿತ್ತು. ಮುಸುಕು ಜಾರಿದರೂ ಪೆಟ್ಟಿಗೆಗೆ ತಿಳಿಯುತ್ತಿರಲಿಲ್ಲ. ಎಲ್ಲ ಸರಿಯಿದೆ ಎಂದುಕೊಂಡು ಗಾಳಿಗೇ ಗಾಳಿ ಊದುತ್ತಿರುತ್ತಿತ್ತು, ಕೂಗಿಕೊಳ್ಳುತ್ತಿರಲಿಲ್ಲ. ಅದನ್ನು ಯಾರೋ ಪುಣ್ಯಾತ್ಮರು ಆಮೇಲೆ ತಿದ್ದಿದ್ದರು. ತಿದ್ದಿದ್ದು ಇದ್ದದ್ದು ಮುಚ್ಚಳದ ಕೆಳಗೆ. ತಾನೇ ತಿದ್ದಲು ಅಕ್ಕನಿಗೆ ವಾರಗಳು ಬೇಕು. ನಮ್ಮ ಕೈಗಳಿಗೆ ಅಷ್ಟು ಆಯುಷ್ಯವಿರಲಿಲ್ಲ.

ಅಕ್ಕ ಇದನ್ನೆಲ್ಲ ಚಿಕ್ಕಮ್ಮನಿಗೆ ಬಿಡಿಸಿ ಹೇಳಿದಳು. ಚಿಕ್ಕಮ್ಮ ನನ್ನ ಬೆರಳುಗಳನ್ನೇ ನೋಡುತ್ತಿದ್ದಳು.

"ಹಾಕೇ," ಅಂದಳು. "ಹಳಸಿದ್ದಾದ್ರೂ... ಊಟ ಊಟಾನೇ."

ಅಕ್ಕ ಹಾಕಿದಳು. ಪೆಟ್ಟಿಗೆ ಕಣ್ಣು ಬಿಟ್ಟಿತು. ಉಸಿರು ಮೊದಲಿನಂತೆ ಏರಿ ಇಳಿಯತೊಡಗಿತು. ಆ ಸದ್ದು ಕೇಳುತ್ತಾ ನಾನು ಗೋಡೆಗೊರಗಿ ಅತ್ತೆ. ಆಮೇಲೆ ಇಬ್ಬರೂ ಸರದಿಯ ಮೇಲೆ ಮುಸುಕು ಕಾದೆವು. ಪಟ್ಟಿ ಬಿಗಿ ಮಾಡಿದರೆ ಕೆನ್ನೆ ಸುಲಿಯುತ್ತಿತ್ತು, ಸಡಿಲ ಬಿಟ್ಟರೆ ಜಾರುತ್ತಿತ್ತು. ದಿನಗಳು ಹೀಗೇ ಕಳೆದವು. ಪರದೆಯ ಮೇಲಿನ ಸಾಲು ಬದಲಾಗಲಿಲ್ಲ.

ಒಂದು ಮಧ್ಯಾಹ್ನ ಕೆನ್ನೆಯ ಹುಣ್ಣಿಗೆ ಮುಲಾಮು ತರಲು ನಾನು ಔಷಧಿ ಅಂಗಡಿಗೆ ಹೋಗಿದ್ದೆ. ಚಿಕ್ಕಮ್ಮ ಮಲಗಿದ್ದಳು. ಅಷ್ಟರಲ್ಲಿ ಕಚೇರಿಯಿಂದ ಫೋನು ಬಂತು. ಮಾತಿನ ಸದ್ದಿಗೆ ಅವಳಿಗೆ ಎಚ್ಚರವಾಗದಿರಲಿ ಎಂದು ಅಕ್ಕ ಈಚೆ ಬಂದು ಬಾಗಿಲು ಮುಂದೆ ಮಾಡಿಕೊಂಡಳು. ನಿಮ್ಮ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗುತ್ತಿದೆ ಎಂದರಂತೆ, ಸಾಹೇಬರಿಗೇ ಕೊಡುತ್ತೇವೆ, ಸ್ವಲ್ಪ ಲೈನಿನಲ್ಲಿರಿ ಎಂದರಂತೆ. ಲೈನಿನಲ್ಲಿ ಸಂಗೀತ ಹಾಕಿದ್ದರು. ಬಾಗಿಲ ಆಚೆಯಿಂದ ಯಂತ್ರದ ಸದ್ದು ಕೇಳುತ್ತಲೇ ಇತ್ತು, ಏರಿ ಇಳಿದು, ಏರಿ ಇಳಿದು. ಅಕ್ಕ ಕಾದಳು.

ನಾನು ಮೆಟ್ಟಿಲು ಹತ್ತಿ ಬಂದಾಗ ಅವಳಿನ್ನೂ ಫೋನು ಹಿಡಿದೇ ನಿಂತಿದ್ದಳು. ಬಾಗಿಲು ತಳ್ಳಿದೆ. ಮುಸುಕು ಕಿವಿಯ ಹತ್ತಿರ ಜಾರಿ ಬಿದ್ದಿತ್ತು. ಪೆಟ್ಟಿಗೆ ದಿಂಬಿನ ಗವುಸಿಗೆ ನಿಯಮವಾಗಿ ಉಸಿರು ಕೊಡುತ್ತಿತ್ತು, ಬಟ್ಟೆ ಉಬ್ಬಿ ಇಳಿಯುತ್ತಿತ್ತು. ಅದರ ಮುಂದೆ ಹಸಿರು ದೀಪ ಉರಿಯುತ್ತಿತ್ತು.

ನಾನು ಬುಡ್ಡೆ ತೆಗೆದುಕೊಂಡು ಹಿಸುಕಿದೆ. ಬಹಳ ಹೊತ್ತು ಹಿಸುಕಿದೆ. ಕೊನೆಗೆ ಅಕ್ಕ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಹೊರಗೆ ಇಟ್ಟುಬಂದ ಫೋನಿನಲ್ಲಿ ಸಂಗೀತ ಇನ್ನೂ ನಡೆದಿತ್ತು.

ಅವಳು ಸ್ಟೂಲಿನ ಬಳಿ ಕೂತು ಪೆಟ್ಟಿಗೆಯ ಗುಂಡಿಯ ಮೇಲೆ ಬೆರಳಿಟ್ಟಳು.

"ಆರಿಸ್ತೀನಿ," ಅಂದಳು.

ನಮ್ಮ ಮನೆಯೊಳಗೆ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.